ಕಡ್ಡಿಯಕ್ಕ ಮತ್ತು ಇಪ್ಪತ್ತೊಂಬತ್ತು ಇಂಚಿನ ಚಕ್ರ

ಬೆಟ್ಟದ ಬುಡದ ಆ ಊರಿನಲ್ಲಿ ಅವಳನ್ನು ಎಲ್ಲರೂ ಕಡ್ಡಿಯಕ್ಕ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷದಿಂದ ಸೈಕಲ್ ಚಕ್ರಕ್ಕೆ ಕಡ್ಡಿ ಕಟ್ಟುತ್ತಿದ್ದಳು ಎಂಬುದು ಒಂದು ಕಾರಣ. ಯಾರ ಮುಲಾಜೂ ಇಲ್ಲದೆ ಕಡ್ಡಿ ಮುರಿದಂತೆ ಮಾತಾಡುತ್ತಿದ್ದಳು ಎಂಬುದು ಇನ್ನೊಂದು. ಆಳೂ ಕಡ್ಡಿಯ ಹಾಗೆಯೇ ಇದ್ದಳು, ಆದರೆ ಅದನ್ನು ಅವಳೆದುರು ಹೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ.

ಊರಿನ ಸೈಕಲ್ ಅಂಗಡಿಯ ಹಿಂದಿನ ಕೋಣೆ ಅವಳದು. ಒಂದು ಕಿಟಕಿ, ಅದರ ಕೆಳಗೊಂದು ಕಬ್ಬಿಣದ ಕವೆ, ಕವೆಯ ನಡುವೆ ಸದಾ ಒಂದು ಚಕ್ರ. ಚಕ್ರ ತಿರುಗಿಸಿ, ಕಡ್ಡಿಗಳನ್ನು ಒಂದೊಂದಾಗಿ ಉಗುರಿನಿಂದ ಮೀಟಿ, ಸದ್ದಿಗೆ ಕಿವಿಗೊಟ್ಟು, ಸಡಿಲವಾದದ್ದನ್ನು ಕಾಲು ಸುತ್ತು ಬಿಗಿ ಮಾಡುತ್ತಿದ್ದಳು. ಈ ವಿದ್ಯೆ ಕಲಿಸಿದವನು ಸೋದರಮಾವ. ಮದುವೆಯ ಮಾತು ಬಂದಾಗಲೆಲ್ಲ "ಮೊದಲು ಈ ಚಕ್ರದ ಓಲಾಟ ನಿಲ್ಲಲಿ" ಎಂದು ಮುಂದಕ್ಕೆ ಹಾಕುತ್ತ ಬಂದಿದ್ದಳು. ಐವತ್ತು ದಾಟಿದ ಮೇಲೆ ಆ ಮಾತು ತಾನಾಗಿಯೇ ನಿಂತುಹೋಯಿತು. ತಮ್ಮ ಮತ್ತು ಅವನ ಹೆಂಡತಿಯ ಜೊತೆ ಮೂರು ಕೋಣೆಯ ಮನೆಯಲ್ಲಿದ್ದಳು.

ತಮ್ಮ ನೀರಿನ ಇಲಾಖೆಯ ಕೊಳವೆ ಕಾವಲುಗಾರ. ಬೆಟ್ಟದ ಮೇಲಿನ ಕೆರೆಯಿಂದ ಊರಿಗೆ ನೀರು ತರುವ ದಪ್ಪ ಕೊಳವೆಯ ಪಕ್ಕದಲ್ಲೇ ಒಂದು ಕಲ್ಲುದಾರಿ ಇತ್ತು. ದಿನಾ ಬೆಳಿಗ್ಗೆ ಸೈಕಲ್ಲಿನಲ್ಲಿ ಮೇಲೆ ಹೋಗಿ, ಇಳಿಯುವಾಗ ಕೊಳವೆಯ ಒಂದೊಂದು ಕೀಲನ್ನೂ ನೋಡಿಕೊಂಡು ಬಂದು, ಕಚೇರಿಯ ಪುಸ್ತಕದಲ್ಲಿ 'ಎಲ್ಲ ಸರಿ' ಎಂದು ಬರೆದು ಸಹಿ ಹಾಕುವುದು ಅವನ ಕೆಲಸ. ಅಕ್ಕ ಕಟ್ಟಿಕೊಟ್ಟ ಇಪ್ಪತ್ತಾರು ಇಂಚಿನ ಚಕ್ರಗಳ ಮೇಲೆ ಇಪ್ಪತ್ತು ವರ್ಷ ಹೀಗೆ ಕಳೆದಿದ್ದ. ಮನೆಗೆ ಬಂದವನೇ ಕೈ ಜುಮುಗುಟ್ಟುತ್ತಿದೆ, ಬೆನ್ನು ಬಿದ್ದುಹೋಯಿತು ಎಂದು ಗೊಣಗುವುದು ಅವನ ದಿನಚರಿಯ ಕೊನೆಯ ಭಾಗ.

ಆ ವರ್ಷ ಅಂಗಡಿಯ ಯಜಮಾನ ಇಪ್ಪತ್ತೊಂಬತ್ತು ಇಂಚಿನ ಚಕ್ರದ ಸೈಕಲ್ಲುಗಳನ್ನು ತರಿಸಿದ.

"ಇನ್ಮೇಲೆ ಇದೇ ಕಣಕ್ಕ. ಸಣ್ಣ ಚಕ್ರದ ಕಾಲ ಮುಗೀತು. ನೀನೇ ಹೇಳು, ಹೇಗಿದೆ?"

ಕಡ್ಡಿಯಕ್ಕ ಒಂದು ಚಕ್ರವನ್ನು ಎತ್ತಿ ತೂಗಿ ನೋಡಿದಳು, ಕವೆಗೆ ಹಾಕಿ ತಿರುಗಿಸಿದಳು. "ಚೆನ್ನಾಗಿದೆ. ಕಲ್ಲು, ಬೇರು ಅಂತ ಎಡವದೆ ಹತ್ತಿ ಇಳಿಯುತ್ತೆ. ಆದ್ರೆ ಹೊರಡೋದು ನಿಧಾನ, ತಿರುಗೋದು ಇನ್ನೂ ನಿಧಾನ. ಕಡ್ಡಿ ಉದ್ದ ಆದಷ್ಟೂ ಬಳುಕೋದು ಜಾಸ್ತಿ. ಬ್ರೇಕು ಹಳೇ ನಮೂನೆದೇ ಹಾಕಿದಾರಲ್ಲ, ಅದು ಸಾಲಲ್ಲ."

"ನಿನ್ನನ್ನ ಕೇಳಿದ್ದೇ ತಪ್ಪು," ಎಂದು ಯಜಮಾನ ನಕ್ಕ. "ಕೊಳ್ಳೋಕೆ ಬಂದವರ ಮುಂದೆ ಮಾತ್ರ ಬಾಯಿ ಬಿಡಬೇಡಮ್ಮ ತಾಯಿ!"

ಮೊದಲು ಕೊಂಡವನು ತಮ್ಮನೇ. ಹಳೆಯ ಸೈಕಲ್ಲಿಗೆ ಆ ಚಕ್ರ ಕೂರುವುದಿಲ್ಲವೆಂದು ಇಡೀ ಸೈಕಲ್ಲನ್ನೇ ಬದಲಾಯಿಸಿದ. ಮೊದಲ ದಿನ ಬೆಟ್ಟ ಇಳಿದು ಬಂದವನ ಮುಖ ಹೊಳೆಯುತ್ತಿತ್ತು. "ಅಕ್ಕಾ, ಹಾಸಿಗೆ ಮೇಲೆ ಬಂದ ಹಾಗಾಯ್ತು! ಆ ದಾರೀಲಿ ಕಲ್ಲಿದೆ ಅನ್ನೋದೇ ಮರೆತುಹೋಯ್ತು."

ಅವನ ಹೆಂಡತಿಗೂ ಸಂತೋಷವೇ. ಬೆನ್ನಿಗೆ ಎಣ್ಣೆ ತಿಕ್ಕುವ ಕೆಲಸ ತಪ್ಪಿತು. ಕಡ್ಡಿಯಕ್ಕನಿಗೆ ಮಾತ್ರ ಒಂದು ಸಂಗತಿ ಗಂಟಲಲ್ಲಿ ಸಿಕ್ಕ ಮುಳ್ಳಿನಂತೆ ಉಳಿಯಿತು. ತಮ್ಮ ಈಗ ಅರ್ಧ ಗಂಟೆ ಮೊದಲೇ ಮನೆಗೆ ಬರುತ್ತಿದ್ದ. ದಾರಿ ಅಷ್ಟೇ, ಕೀಲುಗಳೂ ಅಷ್ಟೇ. ಆ ಅರ್ಧ ಗಂಟೆ ಯಾವುದರಲ್ಲಿ ಉಳಿಯಿತು? ಕೇಳಿದರೆ ಅವನು ನಕ್ಕು ಚಕ್ರದ ಕಡೆ ಕೈ ತೋರಿಸುತ್ತಿದ್ದ.

ಎರಡು ತಿಂಗಳಲ್ಲಿ ಊರಿನ ಅರ್ಧ ಜನ ದೊಡ್ಡ ಚಕ್ರಕ್ಕೆ ಬದಲಾದರು. ರಜೆಯ ದಿನ ಕೊಳವೆ ದಾರಿಯಲ್ಲಿ ಜಾತ್ರೆಯೋ ಜಾತ್ರೆ. ಸಣ್ಣಪುಟ್ಟ ಓಲಾಟದ ಚಕ್ರಗಳು ಅವಳ ಕೋಣೆಗೆ ಬರುವುದು ಕಡಿಮೆಯಾಯಿತು. ಆಮೇಲೆ ಒಂದೇ ವಾರದಲ್ಲಿ ಮೂರು ಚಕ್ರ ಬಂದವು. ಮೂರೂ ಮುಂದಿನವು, ಮೂರೂ ಹಪ್ಪಳದಂತೆ ಒಂದೇ ಕಡೆಗೆ ಮಡಿಸಿಕೊಂಡಿದ್ದವು. ಒಬ್ಬನ ಭುಜ ಮುರಿದಿತ್ತು. "ಕೊಳವೆ ದಾರಿಯ ಮೊಣಕೈ ತಿರುವಿನಲ್ಲಿ ಜಾರಿತು" ಎಂದರು ಮೂವರೂ.

ಅವಳು ಟೈರು ಬಿಚ್ಚಿದಳು. ಕಡ್ಡಿಯ ಬುಡದ ತೂತುಗಳಲ್ಲಿ ಹಳದಿ ಜೇಡಿ ಮೆತ್ತಿಕೊಂಡಿತ್ತು. ಬೆರಳಲ್ಲಿ ಹಿಸುಕಿದಳು, ಹಸಿ. ಹೊರಗೆ ನಾಲ್ಕು ತಿಂಗಳಿಂದ ಒಂದು ಹನಿ ಮಳೆ ಬಿದ್ದಿರಲಿಲ್ಲ.

ಸಂಜೆ ತಮ್ಮನನ್ನು ಕೇಳಿದಳು. "ಮೊಣಕೈ ತಿರುವಲ್ಲಿ ನೆಲ ಯಾಕೋ ಒದ್ದೆ?"

"ಒದ್ದೆನಾ? ಇಲ್ಲಪ್ಪ. ದಿನಾ ನೋಡ್ತೀನಲ್ಲ."

"ನೋಡ್ತೀಯೋ, ದಾಟಿ ಬರ್ತೀಯೋ?"

ಅವನು ತಟ್ಟೆಯಲ್ಲಿ ಬೆರಳಾಡಿಸುತ್ತ ಕುಳಿತ. ಅವನ ಹೆಂಡತಿ ಇಬ್ಬರ ಮುಖವನ್ನೂ ನೋಡಿ ನೀರಿನ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟಳು.

ಅಂಗಡಿಗೆ ವಾರದ ರಜೆಯ ದಿನ, ದಾರಿಯಲ್ಲಿ ಸವಾರರಿಲ್ಲದ ಹೊತ್ತು ನೋಡಿ, ಕಡ್ಡಿಯಕ್ಕ ನಡೆದೇ ಬೆಟ್ಟ ಹತ್ತಿದಳು. ಮೊಣಕೈ ತಿರುವಿನಲ್ಲಿ ದಾರಿ ಬಂಡೆಯನ್ನು ಸುತ್ತಿಕೊಂಡು ಹೋಗುತ್ತಿತ್ತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ನೇರ ಇಳಿಜಾರು. ಬಂಡೆಗೆ ಒತ್ತಿಕೊಂಡು ಸಣ್ಣ ಚಕ್ರಗಳು ವರ್ಷಗಟ್ಟಲೆ ತುಳಿದ ಹಳೆಯ ಜಾಡು ಕಲ್ಲಿನಷ್ಟು ಗಟ್ಟಿಯಾಗಿತ್ತು. ಹೊಸ ಜಾಡು ಅದರಿಂದ ಒಂದು ಮಾರು ಆಚೆ, ಅಂಚಿನ ಮೇಲೇ ಬಿದ್ದಿತ್ತು. ದೊಡ್ಡ ಚಕ್ರ ವೇಗವಾಗಿ ಬರುತ್ತದೆ, ತಡವಾಗಿ ತಿರುಗುತ್ತದೆ; ದಿನ ದಿನಕ್ಕೆ ಎಲ್ಲರೂ ತಿಳಿಯದೆಯೇ ಹೊರಕ್ಕೆ ಸರಿದಿದ್ದರು. ಅಂಚಿನ ಕೆಳಗೆ ಕೊಳವೆಯ ಕೀಲು. ಕೀಲಿನ ಸುತ್ತ ಮಣ್ಣು ಕಪ್ಪಗೆ ನೆನೆದಿತ್ತು. ಹಕ್ಕಿಯ ಸದ್ದೂ ಇಲ್ಲದ ಆ ಜಾಗದಲ್ಲಿ ನೆಲದೊಳಗಿಂದ ಯಾರೋ ಮೆಲ್ಲಗೆ ಉಸಿರೆಳೆಯುವಂತೆ ನೀರು ಜಿನುಗುವ ಸದ್ದು ಕೇಳುತ್ತಿತ್ತು.

ಹಳೆಯ ಜಾಡಿಗೂ ಹೊಸ ಜಾಡಿಗೂ ನಡುವೆ ಹುಲ್ಲುಕಡ್ಡಿಯಷ್ಟು ಸಣ್ಣ ಒಂದು ಬಿರುಕು. ಅವಳು ಚೀಲದಿಂದ ದೊಡ್ಡ ಚಕ್ರದ ಒಂದು ಕಡ್ಡಿ ತೆಗೆದು ಅದರೊಳಗೆ ಇಳಿಬಿಟ್ಟಳು. ಕಡ್ಡಿ ತುದಿಯವರೆಗೂ ಇಳಿಯಿತು. ಬೆರಳು ಬಿಟ್ಟಳು. ಅದು ಒಳಗೆ ಬಿದ್ದೇ ಹೋಯಿತು. ತಳಕ್ಕೆ ತಗುಲಿದ ಸದ್ದು ಬರಲಿಲ್ಲ.

ಒಂದು ಒಣ ಕೊಂಬೆಯನ್ನು ದಾರಿಗೆ ಅಡ್ಡ ಎಳೆದು ಹಾಕಿ, ದಡದಡನೆ ಇಳಿದು ಬಂದಳು.

ತಮ್ಮ ಎಲ್ಲವನ್ನೂ ಕೇಳಿದ. ಮುಖ ಸುಣ್ಣ ಬಳಿದಂತಾಯಿತು. "ಯಾರಿಗೂ ಹೇಳಬೇಡ ಅಕ್ಕ."

"ತಲೆ ಕೆಟ್ಟಿದೆಯಾ ನಿಂಗೆ?"

"ಎರಡು ತಿಂಗಳಿಂದ 'ಎಲ್ಲ ಸರಿ' ಅಂತ ಸಹಿ ಹಾಕಿದೀನಿ. ನೋಡೇ ಇಲ್ಲ ಅಂತ ಹೇಗೆ ಹೇಳ್ಲಿ? ಮುಂಚೆ ಆ ತಿರುವಲ್ಲಿ ಕಲ್ಲಿಗೆ ಹೆದರಿ ಇಳಿದು ತಳ್ತಿದ್ದೆ. ಇಳಿದಾಗ ಕಣ್ಣಿಗೆ ಬೀಳ್ತಿತ್ತು. ಈಗ ಇಳಿಯೋ ಪ್ರಸಂಗವೇ ಬರಲ್ಲ." ಗೋಡೆಗೆ ಒರಗಿದ್ದ ಸೈಕಲ್ಲಿನ ಕಡೆ ನೋಡಿ ಹೇಳಿದ: "ಬೆಳಿಗ್ಗೆ ಹೋಗಿ ನಾನೇ ಕೀಲು ಬಿಗಿ ಮಾಡಿ ಬರ್ತೀನಿ. ಆಮೇಲೆ ಹೇಳೋಣ."

"ಹೋದರೆ ಕಾಲು ಮುರೀತೀನಿ. ಆ ಮಣ್ಣಿನ ಮೇಲೆ ಬೆಕ್ಕು ಕೂಡ ನಿಲ್ಲಬಾರದು."

"ಆಯ್ತು, ಹೋಗಲ್ಲ," ಎಂದ. ಚಿಕ್ಕಂದಿನಿಂದ ಅವನು ಸುಳ್ಳು ಹೇಳುವಾಗ ಅವಳ ಕಣ್ಣು ತಪ್ಪಿಸುತ್ತಿದ್ದ. ಅಂದು ನೇರವಾಗಿ ನೋಡಿಯೇ ಹೇಳಿದ, ಅವಳು ನಂಬಿದಳು.

ಮರುದಿನ ಕಚೇರಿಯ ಬಾಗಿಲು ತೆರೆಯುವ ಮೊದಲೇ ಅವಳು ಅಲ್ಲಿ ನಿಂತಿದ್ದಳು. ತಮ್ಮನ ಅನ್ನಕ್ಕೆ ಕಲ್ಲು ಹಾಕುತ್ತಿದ್ದೇನೆ ಎಂಬುದು ಗೊತ್ತಿತ್ತು, ಆದರೂ ಬಂದಿದ್ದಳು. ಇಲಾಖೆಯ ಎಂಜಿನಿಯರು ಪುಸ್ತಕ ತಿರುಗಿಸಿ ತೋರಿಸಿದರು. "ನೋಡಿಯಮ್ಮ, ನಿನ್ನೆವರೆಗೂ ಎಲ್ಲ ಸರಿ ಅಂತ ನಿಮ್ಮ ತಮ್ಮನೇ ಬರೆದಿದಾರೆ. ನೀವು ಬೇರೇನೋ ಹೇಳ್ತೀರಿ."

"ಅದು ಸುಳ್ಳು ಸ್ವಾಮಿ. ಅವನು ನೋಡಿಲ್ಲ. ನಾನು ನೋಡಿದೀನಿ."

ಅವರು ಮೂಲೆಯ ನಲ್ಲಿಯಿಂದ ಲೋಟಕ್ಕೆ ನೀರು ಹಿಡಿಯಲು ಎದ್ದರು. ನಲ್ಲಿ ಕೆಮ್ಮಿತು. ಹಳದಿ ರಾಡಿಯನ್ನು ಉಗುಳಿತು, ಮತ್ತೊಮ್ಮೆ ಕೆಮ್ಮಿ ಬರೀ ಗಾಳಿ ಊದತೊಡಗಿತು. ಎಂಜಿನಿಯರು ಕೈಯಲ್ಲಿ ಲೋಟ ಹಿಡಿದು ಹಾಗೇ ನಿಂತರು. ಕಡ್ಡಿಯಕ್ಕ ಆಗಲೇ ಹೊಸ್ತಿಲು ದಾಟಿದ್ದಳು. ಓಡುತ್ತಲೇ ಮನೆಯ ಮುಂದೆ ಹಾದಳು. ಗೋಡೆಗೆ ಒರಗಿರುತ್ತಿದ್ದ ತಮ್ಮನ ಸೈಕಲ್ಲು ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿಗೆ ಬೆಟ್ಟದ ಕಡೆ ಕೈ ತೋರಿಸಿದಳು. ಅವಳೂ ಹಿಂದೆ ಓಡಿ ಬಂದಳು.

ತಿರುವೇ ಇರಲಿಲ್ಲ. ಬಂಡೆಯ ಮಗ್ಗುಲಲ್ಲಿ ಹಳೆಯ ಜಾಡಿನ ಒಂದು ಪಟ್ಟಿ ಉಳಿದಿತ್ತು, ಅದರಾಚೆ ಬರಿಯ ಆಕಾಶ. ಮುರಿದ ಕೊಳವೆಯಿಂದ ನೀರು ಇಳಿಜಾರಿಗೆ ಭೋರ್ಗರೆದು ಸುರಿಯುತ್ತಿತ್ತು. ಸೈಕಲ್ಲು ಬಹಳ ಕೆಳಗೆ, ಮರಗಳ ನಡುವೆ, ಚಕ್ರ ಮೇಲಾಗಿ ಬಿದ್ದಿತ್ತು. ತಮ್ಮ ಕೊಳವೆಯ ಕೆಳಗಿನ ತುಂಡನ್ನು ಅಪ್ಪಿಕೊಂಡು ಸೊಂಟದವರೆಗೆ ಕೆಸರಿನಲ್ಲಿ ಹೂತು ಕುಳಿತಿದ್ದ. ಕಣ್ಣು ತೆರೆದೇ ಇತ್ತು. ಅಕ್ಕನನ್ನು ನೋಡಿ "ಬೈಬೇಡ" ಎಂದಷ್ಟೇ ಹೇಳಿದ.

ಅವಳು ಬೈಯಲಿಲ್ಲ. ಅವನ ಹೆಂಡತಿಯ ಕೈ ಹಿಡಿದು ಅಂಚಿನಿಂದ ಹಿಂದಕ್ಕೆ ಎಳೆದಳು.

ಎಂಜಿನಿಯರು ಕಳಿಸಿದ ಆಳುಗಳು ಹಗ್ಗ ಕಟ್ಟಿ ಅವನನ್ನು ಎಳೆದು ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಜೀವ ಉಳಿಯಿತು, ಬಲ ಮಂಡಿ ಉಳಿಯಲಿಲ್ಲ. ಊರು ಹನ್ನೊಂದು ದಿನ ನೀರಿಲ್ಲದೆ ಇತ್ತು. ವಿಚಾರಣೆಗೆ ಬಂದ ಮೇಲಧಿಕಾರಿ ಅವಳನ್ನೂ ಕರೆಸಿ, ಇದೆಲ್ಲ ಆ ದೊಡ್ಡ ಚಕ್ರದ ದೆಸೆಯಿಂದಲೇ ಆಯಿತೇ, ಅದನ್ನು ನಿಲ್ಲಿಸಬೇಕೇ ಎಂದು ಕೇಳಿದ.

"ಚಕ್ರದ್ದೇನೂ ತಪ್ಪಿಲ್ಲ ಸ್ವಾಮಿ," ಎಂದಳು. "ಓಡಾಡೋರಿಗೆ ಅದು ಒಳ್ಳೇದೇ. ಬ್ರೇಕು ದೊಡ್ಡದು ಹಾಕಿ, ತಿರುವಿಗೆ ಮುಂಚೆ ವೇಗ ಇಳಿಸಿದರೆ ಸಾಕು. ಆದ್ರೆ ನೋಡೋ ಕೆಲಸದವನು ಆರಾಮಾಗಿ ಇಳಿದು ಬಂದರೆ ಕೆಲಸ ಆಗಲ್ಲ. ನನ್ನ ತಮ್ಮನಿಗೆ ಅದು ತಿಳೀಲಿಲ್ಲ. ನನಗೆ ತಿಳಿದಿತ್ತು, ಎರಡು ತಿಂಗಳು ಸುಮ್ಮನಿದ್ದೆ. ಅದನ್ನೂ ಬರ್ಕೊಳ್ಳಿ."

ಅವನು ಅದನ್ನು ಬರೆದುಕೊಳ್ಳಲಿಲ್ಲ.

ತಮ್ಮ ಊರುಗೋಲಿನ ಮೇಲೆ ಅವಳ ಕೋಣೆಗೆ ಬಂದು ಕೂರತೊಡಗಿದ. ಬಂಡೆ ಕಡಿದು ಹೊಸ ದಾರಿ ಮಾಡಿದರು. ಹೊಸ ಕಾವಲುಗಾರ ಸಿಗುವವರೆಗೆ ಯಾರಾದರೂ ಕೊಳವೆ ನೋಡಿ ಬರಬೇಕೆಂದು ಎಂಜಿನಿಯರು ಅಂಗಡಿಗೆ ಬಂದು ಕೇಳಿದಾಗ, ಕಡ್ಡಿಯಕ್ಕ ತಾನೇ ಹೋಗುತ್ತೇನೆಂದಳು. ಐವತ್ತಮೂರರ ಹೆಂಗಸು ಸೈಕಲ್ಲಿನಲ್ಲಿ ಬೆಟ್ಟ ಇಳಿಯುವುದನ್ನು ನೋಡಿ ಯಜಮಾನ ತಮಾಷೆ ಮಾಡಲೂ ಮರೆತ. ಅವಳು ಪ್ರತಿ ಕೀಲಿನ ಬಳಿಯೂ ಇಳಿದು, ಮಣ್ಣಿಗೆ ಅಂಗೈ ಒತ್ತಿ, ಒಣಗಿದೆ ಎಂದು ಖಾತ್ರಿ ಮಾಡಿಕೊಂಡೇ ಮುಂದೆ ಹೋಗುತ್ತಿದ್ದಳು.

ನಾಲ್ಕನೆಯ ದಿನ, ಹೊಸ ದಾರಿಯೂ ಮುಗಿದು ಊರಿನ ಮೊದಲ ಮನೆಗಳ ಹಿತ್ತಿಲು ಕಾಣುವ ಕಡೆ, ಅವಳ ಅಂಗೈ ತಣ್ಣಗಾಯಿತು. ಎತ್ತಿ ನೋಡಿದಳು. ಹಳದಿ ಜೇಡಿ. ಕೆಳಗೆ ಒಂದು ಹಿತ್ತಿಲಲ್ಲಿ ಯಾರೋ ಬಟ್ಟೆ ಹರವುತ್ತಿದ್ದರು. ಅವಳು ಸೈಕಲ್ಲನ್ನು ಅಲ್ಲೇ ಬಿಟ್ಟು, ಮನೆ ಬಿಟ್ಟು ಹೊರಗೆ ಬನ್ನಿ ಎಂದು ಕೂಗುತ್ತ ಕೆಳಗೆ ನಡೆದಳು.