ಚೆಂಡು ಕಾಣದ ವಿಡಿಯೊ

ನಿನ್ನೆ ಬೆಳಿಗ್ಗೆ ನನ್ನ ಫೋನು ಇನ್ನು ಜಾಗವಿಲ್ಲ, ಏನನ್ನಾದರೂ ಅಳಿಸು ಎಂದು ಹಟ ಹಿಡಿಯಿತು. ಕಾಫಿ ಲೋಟ ಹಿಡಿದು ಹಳೆಯ ವಿಡಿಯೊಗಳನ್ನು ಒಂದೊಂದಾಗಿ ತೆಗೆಯುತ್ತ ಕೂತೆ. ಹೋಳಿಗೆ ಮಾಡುವ ಬಗೆ ಹೋಯಿತು, ಯಾರದೋ ಗೃಹಪ್ರವೇಶ ಹೋಯಿತು. ಆಮೇಲೆ ಬಂದದ್ದು ಅಮೆರಿಕನ್ ಫುಟ್‌ಬಾಲ್ ಪಂದ್ಯ. ಪಂದ್ಯ ಎನ್ನುವುದಕ್ಕೂ ಸಂಕೋಚ, ಏಕೆಂದರೆ ಅದರಲ್ಲಿ ಚೆಂಡೇ ಇಲ್ಲ. ಹೆಲ್ಮೆಟ್ಟಿನ ಒಬ್ಬ ದಪ್ಪ ಹುಡುಗ ಇನ್ನೊಬ್ಬ ದಪ್ಪ ಹುಡುಗನನ್ನು ತಳ್ಳಿಕೊಂಡು ಹೋಗುತ್ತಾನೆ, ಅಷ್ಟೆ. ತಳ್ಳುವವನು ನನ್ನ ಮಗ ನಿಖಿಲ.

ಮೂರು ವರ್ಷದ ಹಿಂದಿನ ಮಾತು. ಇಲ್ಲೇ ಅಮೆರಿಕದ ಡಬ್ಲಿನ್ನಿನ ಹೈಸ್ಕೂಲಿನಲ್ಲಿ ಓದುತ್ತಿದ್ದ. ಮೈಕಟ್ಟು ನೋಡಿ ಟೀಮಿನವರು ಅವನನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದರು. ಎದುರಿನವರನ್ನು ತಳ್ಳಬೇಕು, ಚೆಂಡು ಮುಟ್ಟುವ ಹಾಗಿಲ್ಲ. ಇಷ್ಟು ತುಪ್ಪ ಹಾಕಿ ಬೆಳೆಸಿದ್ದು ಬೇರೆಯವರ ಮಕ್ಕಳಿಗೆ ಗೋಡೆಯಾಗಲಿ ಎಂದೇ? ನನಗೆ ಆ ಆಟದಲ್ಲಿ ಅರ್ಥವಾಗಿದ್ದು ಒಂದೇ: ಐದು ಸೆಕೆಂಡು ಓಡಿ ಎಲ್ಲರೂ ನಿಂತು ಮೀಟಿಂಗು ಮಾಡುತ್ತಾರೆ. ನಮ್ಮ ಆಫೀಸಿನಲ್ಲೂ ಅದೇ ನಡೆಯುವುದು.

ಒಂದು ದಿನ ನಮ್ಮವರು ಹೊಡೆದ ಟಚ್‌ಡೌನ್, ಅಂದರೆ ಆ ಆಟದ ಗೋಲು, ರದ್ದಾಯಿತು. ತಪ್ಪಾಯಿತೆಂದು ಹಳದಿ ಬಟ್ಟೆ ಎಸೆದ ಅಂಪೈರು ಹೇಳಿದ್ದು ನನ್ನ ಮಗನ ನಂಬರು. ಮನೆಗೆ ಬಂದವನು ಊಟದ ಮೇಜಿನ ಮೇಲೆ ಪಾಠ ಮಾಡಿದ. ಅವರು ಆಡಿದ ತಂತ್ರಕ್ಕೆ ಆರ್‌ಪಿಒ ಎಂದು ಹೆಸರಂತೆ. ನಿಂಬೆ ಉಪ್ಪಿನಕಾಯಿ ಬಾಟಲಿ ಕ್ವಾರ್ಟರ್‌ಬ್ಯಾಕು, ಅಂದರೆ ಚೆಂಡು ಮೊದಲು ಸಿಗುವವನು. ಅವನು ಎದುರಾಳಿಗಳಲ್ಲಿ ಒಬ್ಬನನ್ನೇ ನೋಡುತ್ತಿರುತ್ತಾನೆ. ಆ ಒಬ್ಬ ಒಳಕ್ಕೆ ನುಗ್ಗಿದರೆ ಚೆಂಡನ್ನು ಎಸೆಯುತ್ತಾನೆ, ನುಗ್ಗದಿದ್ದರೆ ಪಕ್ಕದ ಓಟಗಾರನ ಕೈಗೆ ಕೊಡುತ್ತಾನೆ. ಮುಂದಿನ ಸಾಲಿನವರಿಗೆ ಇದು ಯಾವುದೂ ಕಾಣುವುದಿಲ್ಲ. ಅವರು ಓಟವೇ ಎಂದುಕೊಂಡು ತಳ್ಳುತ್ತಾರೆ. ತಳ್ಳುತ್ತ, ಆಟ ಶುರುವಾದ ಗೆರೆ ದಾಟಿ ಬಹಳ ಮುಂದೆ ಹೋದಾಗ ಚೆಂಡನ್ನೂ ಆ ಗೆರೆಯಾಚೆಗೆ ಎಸೆದರೆ ತಪ್ಪು.

"ಅವನು ಏನ್ ಮಾಡ್ತಾನೆ ಅಂತ ನಿಂಗೇ ಗೊತ್ತಿರಲ್ವಾ?"

"ನೋ, ಅಮ್ಮಾ."

"ಒಂದ್ ಮಾತು ಕೇಳಕ್ಕಾಗಲ್ವಾ?"

"ಅಮ್ಮಾ!"

ಇದು ಮೂರನೆಯ ಸಲವಂತೆ. ಇನ್ನೊಮ್ಮೆ ಹೀಗಾದರೆ ಬೆಂಚಿನ ಮೇಲೆ ಕೂರಿಸುತ್ತೇನೆ ಎಂದು ಕೋಚು ಹೇಳಿದ್ದರು. ಅವನು ಅನ್ನ ಕಲಸಿಟ್ಟು ಹಾಗೇ ಕೂತ.

ಕೋಚು ಆಮೇಲೆ ನೋಡಲೆಂದು ಪಂದ್ಯಗಳ ವಿಡಿಯೊವನ್ನು ಅಪ್ಪ ಅಮ್ಮಂದಿರೇ ಸರದಿಯಂತೆ ತೆಗೆಯಬೇಕಿತ್ತು; ಮುಂದಿನ ಪಂದ್ಯಕ್ಕೆ ಪಾಳಿ ನನ್ನದು. ಇಪ್ಪತ್ತೆರಡು ಜನವೂ ಕಾಣಬೇಕು, ಹತ್ತಿರಕ್ಕೆ ಎಳೆಯಬೇಡಿ ಎಂದು ಕೋಚು ಎರಡು ಸಲ ಹೇಳಿದ್ದರು. ಆದರೆ ನಾನು ಪಳಗಿದ್ದು ನಮ್ಮ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ. ನಿಮಗೂ ಗೊತ್ತಲ್ಲ, ವೇದಿಕೆಯ ಮೇಲೆ ಮೂವತ್ತು ಮಕ್ಕಳು ಕುಣಿಯುತ್ತಿದ್ದರೆ ಕೆಳಗೆ ಮೂವತ್ತು ಫೋನುಗಳು, ಒಂದೊಂದರಲ್ಲೂ ಒಂದೊಂದೇ ಮಗು. ಗಾಳಿಗೆ ಶಾಲು ಬಿಗಿದುಕೊಂಡು ಮೇಲಿನ ಮೆಟ್ಟಿಲಲ್ಲಿ ನಿಂತು ಇಡೀ ಪಂದ್ಯದಲ್ಲಿ ನಿಖಿಲನನ್ನೇ ತೆಗೆದೆ.

"ಅಮ್ಮಾ, ವೇರ್ ಈಸ್ ದ ಗೇಮ್?" ಎಂದು ಅವನು ತಲೆ ಮೇಲೆ ಕೈ ಹೊತ್ತ. ನಾನು ಕ್ಷಮೆ ಕೇಳಿ ಕೋಚಿಗೆ ಉದ್ದನೆಯ ಮೆಸೇಜು ಬರೆದೆ.

ಆದರೆ ಆ ಮನುಷ್ಯ ಅಷ್ಟನ್ನೂ ನೋಡಿದರಂತೆ, ಸದ್ದು ನಿಲ್ಲಿಸಿಕೊಂಡು. ಈ ಹುಡುಗ ಆತುರಪಟ್ಟು ಓಡುತ್ತಿಲ್ಲ, ಎದುರಿನವನು ತಡೆಯಲಾಗದೆ ಹಿಂದಕ್ಕೆ ಹೋಗುತ್ತಾನೆ, ಇವನು ಜೊತೆಗೇ ಹೋಗುತ್ತಾನೆ ಎಂದರಂತೆ. ಇವನನ್ನು ಹಿಡಿಯುವುದರ ಬದಲು ಎಸೆತವನ್ನೇ ಬದಲಿಸಿದರು. ಚೆಂಡನ್ನು ಮುಂದಕ್ಕೆ ಎಸೆಯದೆ, ಗೆರೆಯ ಹಿಂದೆಯೇ ಬದಿಯಲ್ಲಿ ನಿಂತವನಿಗೆ ಎಸೆಯುವುದು. ಅದು ಸ್ಕ್ರೀನ್ ಪಾಸು. ಚೆಂಡು ಗೆರೆ ದಾಟದಿದ್ದರೆ ತಳ್ಳುವವರು ಎಷ್ಟು ಮುಂದೆ ಹೋದರೂ ತಪ್ಪಿಲ್ಲವಂತೆ. ಹೋದ ವಾರ ತಪ್ಪಾಗಿದ್ದು ಈ ವಾರ ಸರಿಯಾಗಿದ್ದು ಹೇಗೆ? ಉಪ್ಪಿನಕಾಯಿ ಬಾಟಲಿ ಮತ್ತೆ ಬಂತು. ನನಗೆ ಇವತ್ತಿಗೂ ಪೂರ್ತಿ ಗೊತ್ತಾಗಿಲ್ಲ. ಮಗ ಬೆಂಚಿಗೆ ಹೋಗಲಿಲ್ಲ, ನನಗೆ ಅದು ಸಾಕಾಗಿತ್ತು.

ನಿನ್ನೆ ಅಳಿಸುವ ಮುಂಚೆ ಒಮ್ಮೆ ನೋಡೋಣವೆಂದು ಸದ್ದು ಹಾಕಿದೆ. ಯಾರೋ ಹೆಂಗಸು ಗಂಟಲು ಹರಿಯುವಂತೆ ಕೂಗುತ್ತಿದ್ದಳು: "ನುಗ್ಗೋ ಮಗನೇ! ಇನ್ನೂ ಮುಂದಕ್ಕೆ! ನಿಲ್ಲಬೇಡ!"

ನನ್ನದೇ ದನಿ. ಪ್ರತಿ ಪಂದ್ಯದಲ್ಲೂ ಹೀಗೇ ಕೂಗಿದ್ದೆ. ಹಾಗಾದರೆ ಮೂರು ಸಲ ಅವನು ಗೆರೆ ದಾಟಿದ್ದು ಅವನ ಬಲಕ್ಕೋ, ನನ್ನ ಬಾಯಿಗೋ? ಕಾಫಿ ಆರಿತು. ಕಾಲೇಜಿನಲ್ಲಿರುವವನಿಗೆ ಫೋನು ಮಾಡಿದೆ.

"ಲೋ, ಆವಾಗ ನಾನು ಕೂಗ್ತಿದ್ದಿದ್ದು ನಿಂಗೆ ಕೇಳಿಸ್ತಿತ್ತಾ?"

"ಅಮ್ಮಾ, ಎವ್ರಿಬಡಿ ಹರ್ಡ್ ಯು."

"ಮತ್ತೆ ಸುಮ್ನಿರು ಅಂತ ಯಾಕೋ ಹೇಳ್ಲಿಲ್ಲ?"

ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗ, ತಡವರಿಸುತ್ತ ಕನ್ನಡದಲ್ಲಿ ಹೇಳಿದ: "ಬಾಲ್ ಎಲ್ಲಿದೆ ಅಂತ ನಂಗೆ ಯಾವಾಗ್ಲೂ ಗೊತ್ತಾಗ್ತಿರ್ಲಿಲ್ಲ, ಅಮ್ಮಾ. ನೀನು ಎಲ್ಲಿದೀಯ ಅಂತ ಗೊತ್ತಾಗ್ತಿತ್ತು."

ಅಡುಗೆಯ ವಿಡಿಯೊಗಳು ಇನ್ನೂ ನಾಲ್ಕಿದ್ದವು. ಅವನ್ನು ಅಳಿಸಿದೆ.