ಅಪ್ಪನ ಎಡಗಣ್ಣಿನ ಚೂರು

ಇಂಥ ಅನುಭವಗಳನ್ನು ಯಾರಾದರೂ ಹೇಳಿಕೊಂಡಾಗ ಒಳಗೊಳಗೇ ನಗುತ್ತಿದ್ದವಳು ನಾನು. ವಿಜಯನಗರದ ಒಂದು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಕಂಡದ್ದನ್ನೆಲ್ಲ ನಂಬಬೇಡಿ, ಅಳೆದು ನೋಡಿ ಎಂದು ಮಕ್ಕಳಿಗೆ ಹೇಳುವುದೇ ನನ್ನ ಕೆಲಸ. ಈಗ ಹೇಳಹೊರಟಿರುವುದನ್ನು ಅಳೆಯುವ ದಾರಿ ನನಗೆ ಗೊತ್ತಿಲ್ಲ. ನೀವು ನಂಬದಿದ್ದರೆ ಬೇಸರವಿಲ್ಲ. ಆದರೆ ಇದರಲ್ಲಿ ನಂಬಲೇಬೇಕಾದ ಒಂದು ಭಾಗವೂ ಇದೆ. ಅದನ್ನು ನೆನೆದರೆ ಭಯಕ್ಕಿಂತ ಹೆಚ್ಚಾಗಿ ಮೈ ಉರಿಯುತ್ತದೆ.

ನನ್ನ ಅಪ್ಪ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಗ್ರೈಂಡಿಂಗ್ ಮಿಷನ್ನಿನ ಮುಂದೆ ನಿಂತವರು. ಲಗ್ಗೆರೆಯ ನಮ್ಮ ಮನೆ ಎದ್ದದ್ದು ಆ ಕೆಲಸದಿಂದಲೇ. ಕೆಲವು ವರ್ಷಗಳ ಹಿಂದೆ ಅವರಿಗೆ ತಲೆಸುತ್ತು ಶುರುವಾಯಿತು. ಮೂರು ವಾರ ಕಾದು ಒಂದು ದೊಡ್ಡ ಆಸ್ಪತ್ರೆಯ ನರರೋಗ ತಜ್ಞರನ್ನು ಕಂಡೆವು. ಬಾಗಿಲ ಮೇಲಿನ ಫಲಕದಲ್ಲಿ ಅವರ ಪದವಿಗಳು ಎರಡು ಸಾಲು ತುಂಬಿದ್ದವು. ಅಪ್ಪನಿಗೆ ಅವರು ಕೊಟ್ಟದ್ದು ನಾಲ್ಕು ನಿಮಿಷ. ಕಂಪ್ಯೂಟರಿನಿಂದ ಕಣ್ಣೆತ್ತದೆ, "ತಲೇದು ಎಮ್‌ಆರ್‌ಐ ಮಾಡ್ಸಿ, ಆಮೇಲ್ ನೋಡೋಣ" ಎಂದರು. ಜೀವನವಿಡೀ ಏನು ಕೆಲಸ ಮಾಡಿದಿರಿ ಎಂದು ಕೇಳಲು ಐದನೆಯ ನಿಮಿಷ ಬೇಕಾಗುತ್ತಿತ್ತೇನೋ.

ಎಮ್‌ಆರ್‌ಐ ಎಂದರೆ ಮನುಷ್ಯನನ್ನು ಒಳಗೆ ಮಲಗಿಸುವಷ್ಟು ದೊಡ್ಡ ಅಯಸ್ಕಾಂತ. ಹತ್ತಿರ ಕಬ್ಬಿಣ ಬರಕೂಡದು. ಆ ಮಧ್ಯಾಹ್ನ ಅಲ್ಲಿನ ಟೆಕ್ನಿಷಿಯನ್ ಅಪ್ಪನ ವಾಚು, ಉಂಗುರ ತೆಗೆಸಿದ. ಸೊಂಟದ ಬೆಳ್ಳಿ ಉಡಿದಾರವನ್ನೂ ಬಿಚ್ಚಿಸಿದ. ಅಪ್ಪ ಬುದ್ಧಿ ಬಂದಾಗಿನಿಂದ ಅದನ್ನು ತೆಗೆದವರಲ್ಲ. ನಾಚಿಕೆಯಿಂದ ಗೋಡೆಯ ಕಡೆ ತಿರುಗಿ ನಿಂತರು. ಆಮೇಲೆ ನನ್ನ ಕೈಗೆ ಒಂದು ಹಾಳೆ ಬಂತು. ಇಪ್ಪತ್ತು ಪ್ರಶ್ನೆಗಳು, ಎಲ್ಲವೂ ಇಂಗ್ಲಿಷಿನಲ್ಲಿ. ಪ್ರತಿಯೊಂದರ ಮುಂದೆಯೂ 'ಇಲ್ಲ' ಎಂದು ಮೊದಲೇ ಟಿಕ್ ಹಾಕಿತ್ತು.

"ಇಲ್ಲೊಂದು, ಕೆಳಗೊಂದು ಸೈನ್ ಮಾಡಿ ಮೇಡಂ, ಬೇಗ. ಅಪ್ಪಂಗೆ ಆಪರೇಷನ್ ಏನೂ ಆಗಿಲ್ಲ ತಾನೆ?"

"ಇಲ್ಲ" ಎಂದೆ. ಓದದೆ ಸಹಿ ಹಾಕಿದೆ. ಇಂಗ್ಲಿಷ್ ಬರುವವಳು, ಅಯಸ್ಕಾಂತದ ಪಾಠ ಮಾಡುವವಳು, ಓದದೆ ಸಹಿ ಹಾಕಿದೆ. ಬೇರೆಯವರನ್ನು ಬಯ್ಯುವ ಮೊದಲು ಇದನ್ನು ಹೇಳಿಬಿಡಬೇಕು.

ಅಪ್ಪನ ಸಾಮಾನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಸಿಕೊಳ್ಳಲು ಕೌಂಟರಿಗೆ ಹೋಗಿ ಹಿಂತಿರುಗಿದೆ. ಅಪ್ಪನ ಕುರ್ಚಿಯ ಮುಂದೆ ಒಬ್ಬ ಹೆಂಗಸು ಕುಕ್ಕರಗಾಲಿನಲ್ಲಿ ಕೂತಿದ್ದರು. ಬೂದುಬಣ್ಣದ ಹತ್ತಿ ಸೀರೆ, ಹೆಗಲಲ್ಲಿ ಬಟ್ಟೆಯ ಚೀಲ. ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದ ನನಗೆ ಅವರ ಬೆನ್ನು, ಅಪ್ಪನ ಗಲ್ಲ ಹಿಡಿದಿದ್ದ ಕೈ ಕಾಣುತ್ತಿದ್ದವು. ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ಮೇಸ್ತ್ರಿ, ಎಡಗಣ್ಣಿಗೆ ಚೂರು ಬಿದ್ದಿತ್ತಲ್ಲ, ತೆಗೆದಿದ್ದು ಯಾರು?"

"ನಮ್ ಶಾಪಿನ ಬಾಷಣ್ಣ" ಎಂದರು ಅಪ್ಪ, ಶಾಲೆಯ ಹುಡುಗನ ಹಾಗೆ. "ಯಾರ ಕಣ್ಣಿಗ್ ಬಿದ್ರೂ ಬಸ್ ಟಿಕೆಟ್ ಮಡಿಚಿ ತೆಗೀತಿದ್ದ. ಅವತ್ತು ಚೂರು ಬರ್ಲಿಲ್ಲ. ಸ್ಪೀಕರ್ ಒಳಗಿನ್ ಅಯಸ್ಕಾಂತ ಹಿಡ್ದು ತೆಗ್ದ."

"ಪೂರಾ ಬಂತಾ?"

ಅಪ್ಪನ ಕೈ ಎಡಗಣ್ಣಿನ ಕಡೆ ಹೋಯಿತು.

"ಮೊದಲು ಕಣ್ಣಿನ ಎಕ್ಸ್-ರೇ ಆಗ್ಲಿ. ಯಾರು ಕರೆದ್ರೂ ಈ ಕುರ್ಚಿ ಬಿಟ್ಟು ಏಳಬೇಡಿ."

ಆ ಆಸ್ಪತ್ರೆಯಲ್ಲಿ ರೋಗಿಗಳ ಪರವಾಗಿ ಮಾತಾಡಲೆಂದೇ ಒಂದು ಸಹಾಯ ಕೇಂದ್ರವಿತ್ತು. ಅಲ್ಲಿಯವರೇ ಇವರು ಎಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಟೆಕ್ನಿಷಿಯನ್ ಅಪ್ಪನ ಹೆಸರು ಕೂಗಿದ. ತಿರುಗಿ, ಎಕ್ಸ್-ರೇ ಆಗದೆ ಒಳಗೆ ಕಳಿಸುವುದಿಲ್ಲ ಎಂದೆ.

"ಸೈನ್ ಮಾಡಿದೀರಲ್ಲ ಮೇಡಂ!"

"ಮಾಡಿದ್ದು ತಪ್ಪು. ಟಿಕ್ ಹಾಕಿದ್ದು ಯಾರು?"

"ಎಲ್ರಿಗೂ ಹಂಗೇ ಹಾಕೋದು. ಹಿಂದೆ ಆರು ಜನ ಕಾಯ್ತಾ ಇದಾರೆ."

"ಆಂಟಿ, ಜಗಳ ಆಮೇಲೆ ಆಡಿ, ಬೇಗ ಬಿಡಿ" ಎಂದ ಸಾಲಿನಲ್ಲಿದ್ದ ಒಬ್ಬ ಯುವಕ. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಬಾಗಲಕೋಟೆ ಕಡೆಯ ಹಿರಿಯರೊಬ್ಬರು ಅವನ ಮೇಲೆ ಹರಿಹಾಯ್ದರು: "ಆ ಹೆಣ್ಮಗಳು ಕೇಳಾಕತ್ತಾಳ. ಒಂದ್ ಫೋಟೋ ಹೊಡದ್ರ ನಿಮ್ಮಪ್ಪನ ಗಂಟೇನ್ ಹೋಗ್ತೈತೋ? ನನ್ನ ಪಾಳಿನೂ ಆಕೀಗೇ ಕೊಡ್ತೀನಿ, ತಗೋ!" ಅವರು ಯಾರೋ, ಎಲ್ಲಿದ್ದಾರೋ. ಚೆನ್ನಾಗಿರಲಿ.

ಅರ್ಧ ಗಂಟೆ ಜಗಳವಾಡಿದ ಮೇಲೆ ಎಕ್ಸ್-ರೇ ತೆಗೆದರು. ಅಷ್ಟು ಹೊತ್ತಿಗೆ ಆ ಹೆಂಗಸು ಅಲ್ಲಿರಲಿಲ್ಲ. ಅಪ್ಪನ ಎಡಗಣ್ಣಿನ ಗುಂಡಿಯಲ್ಲಿ ಸಾಸಿವೆಗಿಂತ ಚಿಕ್ಕದೊಂದು ಬಿಳಿ ಚುಕ್ಕೆ. ಕಣ್ಣುಗುಡ್ಡೆಗೆ ಅಂಟಿಕೊಂಡು ಮೂವತ್ತೈದು ವರ್ಷ ಸುಮ್ಮನೆ ಕೂತಿದ್ದ ಕಬ್ಬಿಣ. ಆ ಯಂತ್ರದೊಳಗೆ ಹೋಗಿದ್ದರೆ ಅದು ಅಲುಗಾಡಿ ಗುಡ್ಡೆಯನ್ನು ಸೀಳಬಹುದಿತ್ತು ಎಂದು ಸ್ಕ್ಯಾನಿಂಗ್ ವಿಭಾಗದ ವೈದ್ಯೆಯೇ ಒಪ್ಪಿಕೊಂಡರು. ಆದರೆ ಅವರ ಬಾಯಿಂದ ಬಂದ ಮೊದಲ ಮಾತು ಕ್ಷಮೆಯಲ್ಲ. "ಎಕ್ಸ್-ರೇ ಮಾಡ್ಸಿ ಅಂತ ನಿಮಗೆ ಹೇಳಿದ್ದು ಯಾರು?"

"ನಿಮ್ಮ ಸಹಾಯ ಕೇಂದ್ರದ ಮೇಡಂ."

"ಅಲ್ಲಿ ಯಾರೂ ಇಲ್ವಲ್ಲ."

ಹೋಗಿ ನೋಡಿದೆ. 'ನಿಮ್ಮ ಪರವಾಗಿ ನಾವಿದ್ದೇವೆ' ಎಂಬ ಬೋರ್ಡು, ನಗುವ ಹೆಂಗಸಿನ ಚಿತ್ರ, ಅದರ ಕೆಳಗೆ ಕುರ್ಚಿಯ ಮೇಲೆ ಹಳೆಯ ಫೈಲುಗಳ ರಾಶಿ. ಮೊದಲು ಇಬ್ಬರಿದ್ದರಂತೆ. ಇಬ್ಬರನ್ನೂ ಕೆಲಸದಿಂದ ಬಿಡಿಸಿ ವರ್ಷದ ಮೇಲಾಗಿತ್ತಂತೆ. ಪ್ರತಿ ಮಹಡಿಯಲ್ಲೂ ಹೊಸ ತಜ್ಞರ ಹೆಸರು ಏರುತ್ತಿದ್ದ ಕಟ್ಟಡದಲ್ಲಿ, ರೋಗಿಯ ಮಾತು ಕೇಳಲೆಂದು ಇದ್ದ ಎರಡು ಜೀವಗಳೇ ಭಾರವಾಗಿದ್ದವು.

ಆಟೋದಲ್ಲಿ ಬರುವಾಗ ಅಪ್ಪನನ್ನು ಕೇಳಿದೆ: "ಆ ಸೀರೆ ಉಟ್ಟವರ ಮುಖ ನೋಡಿದ್ರಾ ಅಪ್ಪಾ?"

"ಯಾವ ಸೀರೆ?"

"ಚೂರಿನ ವಿಷಯ ಕೇಳಿದ್ರಲ್ಲ, ಅವರು."

ಅಪ್ಪ ನನ್ನನ್ನೇ ದಿಟ್ಟಿಸಿದರು. "ನೀನೇ ಅಲ್ವೇನವ್ವಾ ಕೇಳಿದ್ದು? ಗಲ್ಲ ಹಿಡ್ಕಂಡು."

ಹೆದರಿಕೆಯಲ್ಲಿ ಏನೋ ಹೇಳುತ್ತಿದ್ದಾರೆ ಎಂದುಕೊಂಡೆ. ಆ ಚೂರಿನ ವಿಷಯ ನನಗೆ ತಿಳಿದಿರಲೇ ಇಲ್ಲ. ಅದು ನಾನು ಹುಟ್ಟುವುದಕ್ಕೆ ಮುಂಚಿನ ಮಾತು. ಕೆಲಸ ಬಿಡಿಸುತ್ತಾಳೆಂದು ಅಪ್ಪ ಅಮ್ಮನಿಂದಲೂ ಮುಚ್ಚಿಟ್ಟಿದ್ದರು. ಕಣ್ಣುಬೇನೆ ಎಂದು ಸುಳ್ಳು ಹೇಳಿದ್ದರು. ಬಾಷಣ್ಣ ತೀರಿಕೊಂಡು ಎಷ್ಟೋ ಕಾಲವಾಗಿತ್ತು.

ಒಂದು ವಾರದ ನಂತರ ದೂರು ಬರೆದುಕೊಂಡು ಹೋದೆ. ಆಡಳಿತಾಧಿಕಾರಿ ಎರಡು ಸಲ ಓದಿದರು. ಆಮೇಲೆ ನನ್ನ ಕಡೆಗೆ ಸ್ಕ್ರೀನ್ ತಿರುಗಿಸಿ, ಅಂದಿನ ಕ್ಯಾಮೆರಾ ರೆಕಾರ್ಡಿಂಗ್ ತೋರಿಸಿದರು. ಧ್ವನಿ ಇರಲಿಲ್ಲ. ಅಪ್ಪ ಕುರ್ಚಿಯಲ್ಲಿ ಕೂತಿದ್ದಾರೆ. ಮಣಿಕಟ್ಟಿಗೆ ಪ್ಲಾಸ್ಟಿಕ್ ಕವರ್ ಸಿಕ್ಕಿಸಿಕೊಂಡು ನಾನು ಬರುತ್ತೇನೆ. ಅಪ್ಪನ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತೇನೆ. ಗಲ್ಲ ಹಿಡಿಯುತ್ತೇನೆ, ಮಾತಾಡುತ್ತೇನೆ, ಏಳುತ್ತೇನೆ. ಬೇರೆ ಯಾರೂ ಇಲ್ಲ.

"ನೋಡಿ ಮೇಡಂ, ಟೆನ್ಷನ್‌ನಲ್ಲಿ ಹಿಂಗೆಲ್ಲಾ ಆಗುತ್ತೆ" ಎಂದು ಅವರು ನೀರಿನ ಬಾಟಲಿ ಮುಂದಿಟ್ಟರು. "ಇಲ್ಲದೇ ಇರೋ ಲೇಡಿ ಬಗ್ಗೆ ಬರೆದಿರೋ ಕಂಪ್ಲೇಂಟ್ ನಾವ್ ಹೆಂಗ್ ತಗೊಳೋದು ಹೇಳಿ?"

ಬಾಟಲಿಯನ್ನು ಪಕ್ಕಕ್ಕೆ ಸರಿಸಿದೆ. ಇಲ್ಲದ ಹೆಂಗಸು ಸಿಕ್ಕಿದ್ದೇ ಅವರಿಗೆ ಬೇಕಾಗಿತ್ತು. ಮೊದಲೇ ಟಿಕ್ ಹಾಕಿದ ಹಾಳೆ, ಕಣ್ಣಿಗೆ ಲೋಹ ಬಿದ್ದಿತ್ತೇ ಎಂಬ ಪ್ರಶ್ನೆಗೂ 'ಇಲ್ಲ' ಎಂದಿದ್ದದ್ದು, ಮೇಜಿನ ಮೇಲೆ ಬಿದ್ದಿತ್ತು. ಅದರ ಬಗ್ಗೆ ಒಂದು ಮಾತಿಲ್ಲ. ನನಗೆ ತಲೆ ನೆಟ್ಟಗಿಲ್ಲ ಎಂದು ತೋರಿಸಿದರೆ ಅವರ ಹಾಳೆ ಸರಿಯಾಗಿಬಿಡುತ್ತದೆ! ಅಲ್ಲೇ ಪೆನ್ನು ತೆಗೆದು, ಆ ಹೆಂಗಸಿನ ಬಗ್ಗೆ ಬರೆದಿದ್ದ ಸಾಲುಗಳನ್ನೆಲ್ಲ ಹೊಡೆದುಹಾಕಿ, 'ನಾನೇ ತಂದೆಯನ್ನು ವಿಚಾರಿಸಿದೆ' ಎಂದು ಬರೆದೆ. ನನ್ನ ಕಣ್ಣು ಕಂಡದ್ದನ್ನು ಅಳಿಸಿದ ಮೇಲೆಯೇ ನನ್ನ ಮಾತಿಗೆ ಅಲ್ಲಿ ಮೊಹರು ಬಿದ್ದದ್ದು.

ಉತ್ತರ ಬಂತು. ಆ ಟೆಕ್ನಿಷಿಯನ್‌ನನ್ನು ಕೆಲಸದಿಂದ ತೆಗೆದಿದ್ದರು. ದಿನಕ್ಕೆ ಇಷ್ಟು ಸ್ಕ್ಯಾನ್ ಮುಗಿಸಲೇಬೇಕೆಂದು ಅವನನ್ನು ಅಟ್ಟುತ್ತಿದ್ದವರ ಬಗ್ಗೆ, ನಾಲ್ಕು ನಿಮಿಷದ ತಜ್ಞರ ಬಗ್ಗೆ ಆ ಪತ್ರದಲ್ಲಿ ಒಂದಕ್ಷರವೂ ಇರಲಿಲ್ಲ. ಫೈಲುಗಳಿದ್ದ ಕುರ್ಚಿಯ ಬಗ್ಗೆಯೂ ಇರಲಿಲ್ಲ.

ಎಂದೋ ಕೇಳಿ ಮರೆತದ್ದು ಮೇಲೆದ್ದು ಬಂದಿರಬೇಕು ಎಂದು ಗೆಳತಿಯೊಬ್ಬಳು ಹೇಳಿದಳು. ಇರಬಹುದು. ಆದರೆ ನಾಲ್ಕು ಹೆಜ್ಜೆ ದೂರದಿಂದ ನಾನು ನೋಡಿದ ಬೆನ್ನು ನನ್ನದಲ್ಲ. ಅಂದು ನಾನು ಸೀರೆಯನ್ನೂ ಉಟ್ಟಿರಲಿಲ್ಲ, ಚೂಡಿದಾರ ತೊಟ್ಟಿದ್ದೆ.

ಈಗ ಅಪ್ಪ ಪ್ರತಿದಿನ ಬೆಳಿಗ್ಗೆ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು, ಎಡಗಣ್ಣಿನಿಂದ ಗೋಡೆಯ ಕ್ಯಾಲೆಂಡರ್ ಓದುತ್ತಾರೆ. ತಿಥಿ, ನಕ್ಷತ್ರ, ರಾಹುಕಾಲ. "ಕಾಣ್ತದೆ ಕಣವ್ವ" ಎಂದು ನನಗೆ ಕೇಳುವಂತೆ ಹೇಳುತ್ತಾರೆ. ಮೊನ್ನೆ ಹಾಗೆ ಓದಿ ಮುಗಿಸಿದವರು ನಕ್ಕರು.

"ಅವತ್ತು ನೀನು ನನ್ನನ್ನ ಮೇಸ್ತ್ರಿ ಅಂದ್ಯಲ್ಲ, ಆಗ್ಲೇ ಕೇಳ್ಬೇಕು ಅನ್ಕಂಡೆ. ಶಾಪಲ್ಲಿ ನನ್ನ ಹಂಗೆ ಕರೀತಿದ್ರು ಅಂತ ನಿಂಗ್ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ.