ನಾ ತಪ್ಪಿದ್ರ ನೀ ಹೇಳಬೇಕು

ಲೋಕಲ್ ರೈಲಿನಲ್ಲಿ ಕೂತರೆ ನಮ್ಮ ಲ್ಯಾಬಿನ ಮೇಡಂ ತುಟಿಗಳು ಸದಾ ಅಲುಗುತ್ತಿದ್ದವು. ಲೇಡೀಸ್ ಡಬ್ಬಿಯವರೆಲ್ಲ ಜಪ ಮಾಡುತ್ತಾರೆ ಅಂದುಕೊಂಡಿದ್ದರು. ಒಮ್ಮೆ ಪಕ್ಕದಲ್ಲೇ ಸೀಟು ಸಿಕ್ಕಿದಾಗ ಕಿವಿಗೊಟ್ಟೆ. ಅವರು ಹಾರ್ಬರ್ ಲೈನಿನ ಸ್ಟೇಷನ್‌ಗಳನ್ನು ಕೊನೆಯಿಂದ ಹಿಂದಕ್ಕೆ ಹೇಳಿಕೊಳ್ಳುತ್ತಿದ್ದರು: ಡಾಕ್‌ಯಾರ್ಡ್ ರೋಡ್, ರೇ ರೋಡ್, ಕಾಟನ್ ಗ್ರೀನ್, ಶಿವಡಿ, ವಡಾಲ. "ದಿನಾ ನನ್ನ ಪರೀಕ್ಷಾ ನಾನ ತಗೋತೀನವಾ" ಅಂದರು. ನಗಲಿಲ್ಲ.

ಮಿದುಳನ್ನು ನಿಧಾನವಾಗಿ ತಿನ್ನುವ ಮರೆವಿನ ಕಾಯಿಲೆ, ಡಿಮೆನ್ಷಿಯಾ, ಅವರ ಇಡೀ ಸಂಶೋಧನೆಯ ವಿಷಯ. ಧಾರವಾಡದ ಕಡೆಯವರು. ವಡಾಲದ ಒಂದು ಬಿಲ್ಡಿಂಗಿನಲ್ಲಿ ತಂಗಿಯೊಂದಿಗೆ ಇದ್ದರು. ಪಕ್ಕದ ಕಾಲೋನಿಯ ತುಳು ಮನೆಯವಳಾದ ನನ್ನನ್ನು ಲ್ಯಾಬಿಗೆ ಸೇರಿಸಿಕೊಂಡದ್ದು ನನಗೆ ಕನ್ನಡ ಬರುತ್ತದೆಂದು. ಹೋಟೆಲುಗಳಲ್ಲಿ ಆಯುಷ್ಯ ಕಳೆದ ನಮ್ಮ ಮುದುಕರನ್ನು ಹಿಂದಿಯಲ್ಲಿ ಪರೀಕ್ಷಿಸಿದರೆ ಗೊತ್ತಿದ್ದದ್ದನ್ನೂ ತಪ್ಪು ಹೇಳುತ್ತಾರೆ, ಇಲ್ಲದ ಕಾಯಿಲೆ ಅಂಟಿಕೊಳ್ಳುತ್ತದೆ ಅನ್ನುವುದು ಅವರ ಸಿಟ್ಟು. ಅದಕ್ಕೇ ಪರೀಕ್ಷೆಯನ್ನು ಕನ್ನಡದಲ್ಲಿ ಕಟ್ಟಿ, ನನ್ನನ್ನು ಕರೆದುಕೊಂಡು ಮನೆಮನೆ ಅಲೆಯುತ್ತಿದ್ದರು. ಮುದುಕರ ಮುಂದೆ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಅವರು ನೆಲದ ಮೇಲಿದ್ದರೆ ಇವರೂ ನೆಲಕ್ಕೇ. ಉತ್ತರ ಬರುವವರೆಗೆ ಎಷ್ಟು ಹೊತ್ತಾದರೂ ಕಾಯುವರು.

ಅವರ ತಾಯಿ, ಸೋದರಮಾವ ಇಬ್ಬರೂ ಅರವತ್ತಾಗುವ ಮೊದಲೇ ಮಕ್ಕಳ ಹೆಸರು ಮರೆತಿದ್ದರು. ಅದು ರಕ್ತದಲ್ಲಿ ಇಳಿದು ಬರುವ ಬಗೆ. ನಮ್ಮದೇ ಲ್ಯಾಬಿನಲ್ಲಿ ರಕ್ತ ಕೊಟ್ಟಿದ್ದರೆ ಅವರಿಗೂ ಬಂದೀತೇ ಎಂದು ಗೊತ್ತಾಗಿಬಿಡುತ್ತಿತ್ತು. ಮೇಡಂ ಕೊಡಲಿಲ್ಲ. ಯಾಕೆಂದು ಕೇಳಿದ್ದಕ್ಕೆ, ಗೊತ್ತಾದ ದಿನವೇ ಕೈಕಾಲು ಬಿದ್ದುಹೋಗಿ ಕೆಲಸ ನಿಂತೀತು ಅಂದರು. ಆಮೇಲೆ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆಯೇ ಹೇಳಿದರು:

"ನಾ ತಪ್ಪಿದ್ರ ನೀ ಹೇಳಬೇಕು. ಉಳಿದವ್ರು ಮರ್ಯಾದಿಗೆ ಹೇಳೂದಿಲ್ಲ."

ಹೂಂ ಅಂದೆ. ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಮೇಡಂ ಕನ್ನಡಕ ಹುಡುಕಿದರೆ ಕೆಲಸ ಬಿಟ್ಟು ನೋಡುವೆ. ಮಾತಿನ ನಡುವೆ ತಡೆದರೆ ಮುಂದಿನ ಪದ ಬರುವವರೆಗೆ ಎಣಿಸುವೆ. ಎಷ್ಟೋ ಸಲ ಏನೂ ಇರುತ್ತಿರಲಿಲ್ಲ.

ಆಮೇಲೆ ದಹಿಸರ್‌ನ ಆ ಮಧ್ಯಾಹ್ನ ಬಂತು. ಉಡುಪಿ ಕಡೆಯ ಒಬ್ಬ ಹಳೆಯ ಅಡುಗೆ ಭಟ್ಟರ ಮನೆ. ನೆನಪಿಟ್ಟುಕೊಳ್ಳಲು ಮೇಡಂ ಕೆಲವು ಪದ ಹೇಳಿದ್ದರು. ಭಟ್ಟರು ತಡವರಿಸುತ್ತ ಒಪ್ಪಿಸಿದರು. ಮೇಡಂ ಶಹಬ್ಬಾಸ್ ಅಂದು, ನೀರು ಕುಡಿದು, ಪದ ಹೇಳಿ ಎಂದು ಮತ್ತೆ ಕೇಳಿದರು. ಭಟ್ಟರು ಪುನಃ ಹೇಳಿದರು. ಸ್ವಲ್ಪ ಹೊತ್ತಿಗೆ ಮತ್ತದೇ ಪ್ರಶ್ನೆ.

"ಅವರು ಹೇಳಿ ಆಯ್ತಲ್ಲ ಡಾಕ್ಟ್ರೇ" ಅಂದರು ಭಟ್ಟರ ಹೆಂಡತಿ ಮೆಲ್ಲಗೆ. ಭಟ್ಟರು ಮೇಡಂ ಮುಖವನ್ನೇ ನೋಡುತ್ತಿದ್ದರು. ಆ ನೋಟದಲ್ಲಿ, ತಮ್ಮಂತೆಯೇ ಇವರೂ ಎಂಬ ಗುರುತಿತ್ತು.

ದಹಿಸರ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತೆವು. ಒಂದು ಗಾಡಿ ಬಿಟ್ಟೆವು, ಇನ್ನೊಂದನ್ನೂ ಬಿಟ್ಟೆವು. ಕೊನೆಗೆ ಹೇಳಿಬಿಟ್ಟೆ. ಮೇಡಂ ಪರ್ಸಿನ ಜಿಪ್ಪನ್ನು ಎಳೆಯುತ್ತ, ಹಾಕುತ್ತ ಇದ್ದರು. "ಎಷ್ಟ ಸಲ ಕೇಳಿದೆ?" ಅಂದರು. ಮೂರು ಅಂದೆ. "ನನಗ ಒಂದ ನೆನಪೈತಿ" ಅಂದರು. ಅವರ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು, ಗಾಡಿ ದಾದರ್ ಮುಟ್ಟುವವರೆಗೂ ಬಿಡಲಿಲ್ಲ.

ಮರುವಾರವೇ ಅವರು ರೋಗಿಗಳನ್ನು ನೋಡುವುದನ್ನು ಬಿಟ್ಟು, ತಮ್ಮದೇ ಅಧ್ಯಯನದಲ್ಲಿ ರೋಗಿಯಾಗಿ ಸೇರಿದರು. ಪರೀಕ್ಷೆ ಮಾಡುವ ಕೆಲಸ ನನ್ನದು. ಅವರೇ ಕಟ್ಟಿದ ಪ್ರಶ್ನೆಗಳನ್ನು ಅವರಿಗೇ ಕೇಳುತ್ತಿದ್ದೆ. ಮೊದಮೊದಲು ನನ್ನ ಉಚ್ಚಾರ ತಿದ್ದುತ್ತಿದ್ದರು. ಆಮೇಲೆ ತಿದ್ದುವುದು ನಿಂತಿತು. ಒಂದು ದಿನ ನನ್ನನ್ನು ನೋಡಿ, ಈ ಹುಡುಗಿ ಯಾರೆಂದು ತಂಗಿಯನ್ನು ಕೇಳಿದರು.

ಹೋದ ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ ಹೋದರು. ಮಿದುಳನ್ನು ಲ್ಯಾಬಿಗೆ ಕೊಡಬೇಕೆಂದು ಬುದ್ಧಿ ನೆಟ್ಟಗಿದ್ದಾಗಲೇ ತಂಗಿಗೆ ಹೇಳಿಟ್ಟಿದ್ದರು. ಅದು ಬಂದ ದಿನ ಕೈಗವಸು ಹಾಕಿಕೊಂಡು ನಾನೇ ಇಸಿದುಕೊಂಡೆ. ಡಬ್ಬಿಯ ಮೇಲೆ ಹೆಸರು, ತಾರೀಖು ಬರೆದೆ.

ಕೆಲವು ದಿನ ಬಿಟ್ಟು ವಡಾಲದ ಮನೆಗೆ ಹೋದೆ. ತಂಗಿ ಚಹಾ ಕೊಟ್ಟು ಎದುರು ಕೂತರು. ಅವರಿಗಿನ್ನೂ ಐವತ್ತು. ಅಕ್ಕನ ಸೀರೆಗಳನ್ನು ಯಾರಿಗೆ ಕೊಡುವುದು ಅಂತೆಲ್ಲ ಮಾತಾಡುತ್ತಿದ್ದವರು ತಟ್ಟನೆ ನಿಲ್ಲಿಸಿ, "ನನಗೂ ಬರ್ತದೇನು?" ಎಂದು ಕೇಳಿದರು.

ಏನೂ ಆಗುವುದಿಲ್ಲ ಅನ್ನುವ ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡೆ. "ಬರಬಹುದು. ಬರದೇನೂ ಇರಬಹುದು" ಅಂದೆ. ಅವರು ಕುರ್ಚಿಯಿಂದ ಇಳಿದು ನೆಲದ ಮೇಲೆ ಕುಸಿದು ಕೂತರು. ನಾನೂ ಕುರ್ಚಿ ಬಿಟ್ಟು ಪಕ್ಕದಲ್ಲಿ ಕೂತೆ. ದೀಪ ಹಾಕುವ ಹೊತ್ತಾದರೂ ಇಬ್ಬರೂ ಏಳಲಿಲ್ಲ.